ತಿದ್ದುವ ಮುಂಚಿನ ದನಿ

"ಇವನು ನನ್ನ ಮಗ ಅಲ್ಲ," ಎಂದು ಅತ್ತೆ ಫೋನನ್ನು ಸೊಸೆಯ ಕೈಗೆ ವಾಪಸು ಕೊಟ್ಟರು. "ಯಾರೋ ವಾರ್ತೆ ಓದೋನು."

ಫೋನಿನಲ್ಲಿದ್ದದ್ದು ಅವರ ಮಗನದೇ ದನಿ. ಮಾತಾಡುವ ನಿಘಂಟೊಂದಕ್ಕೆ ಅವನು ಇಂಗ್ಲಿಷ್ ಪದಗಳನ್ನು ಓದಿದ್ದ. ಬೆರಳೊತ್ತಿದರೆ ಒಂದೊಂದೇ ಪದ, ತೊಳೆದು ಬೋರಲು ಹಾಕಿದ ಲೋಟದ ಹಾಗೆ. ಅವನು ತೀರಿಕೊಂಡ ಮೇಲೆ ಅತ್ತೆ ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ: ಒಂದು ಸಲ ಅವನ ದನಿ ಕೇಳಿಸು. ಮನೆಯಲ್ಲಿ ಬೇರೆ ಯಾವ ರೆಕಾರ್ಡಿಂಗೂ ಇರಲಿಲ್ಲ. ದಿನಾ ಕಣ್ಣೆದುರಿಗೆ ಓಡಾಡುವವನ ದನಿಯನ್ನು ಯಾರು ಹಿಡಿದಿಟ್ಟುಕೊಳ್ಳುತ್ತಾರೆ?

ಆ ಪದಗಳನ್ನು ಕೇಳಿದರೆ ಸೊಸೆಯೊಳಗೂ ಏನೂ ಅಲುಗಾಡುತ್ತಿರಲಿಲ್ಲ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ನಿಘಂಟು ರೆಕಾರ್ಡ್ ಆದ ಸ್ಟುಡಿಯೋದಲ್ಲೇ ಅವಳದೂ ಕೆಲಸ. ಅವನು ಗಾಜಿನಾಚೆ ಮೈಕಿನ ಮುಂದೆ, ಇವಳು ಈಚೆ ಹೆಡ್‌ಫೋನ್ ಹಾಕಿಕೊಂಡು. ತಪ್ಪಿದರೆ ಇವಳು ಕೈ ಎತ್ತಬೇಕು, ಅವನು ಮತ್ತೆ ಓದಬೇಕು. ಕಂಚಿನ ಕಂಠವೆಂದು ಸ್ಟುಡಿಯೋದ ಯಜಮಾನರು ಅವನನ್ನು ಆರಿಸಿದ್ದರು. ಆದರೆ ಇಂಗ್ಲಿಷನ್ನು ಅವನು ಪುಸ್ತಕದಿಂದ ಒಬ್ಬನೇ ಕಲಿತವನು. ಬರೆದದ್ದನ್ನೆಲ್ಲ ಉಚ್ಚರಿಸಿಯೇ ತೀರುವ ಸ್ವಭಾವ. ಇವಳ ಕೈ ಕೆಳಗಿಳಿದದ್ದೇ ಅಪರೂಪ.

ಮರುದಿನ ಅವಳು ಸೌಂಡಿನವನ ಹತ್ತಿರ ಹೋದಳು. "ಅವರ ಹಳೇ ರೆಕಾರ್ಡಿಂಗ್ ಇದೆಯಾ? ಕತ್ತರಿಸೋಕೆ ಮುಂಚಿಂದು?"

"ಕಸಾನಾ? ಯಾಕಕ್ಕಾ? ನಾಳೆ ಹೊಸ ಕೆಲಸ ಶುರು, ಡಿಸ್ಕ್ ಖಾಲಿ ಮಾಡ್ಬೇಕು."

"ಇವತ್ತು ಇದೆಯಲ್ಲ."

ಅವನು ಅವಳ ಮುಖ ನೋಡಿ, ಎದ್ದು ಕುರ್ಚಿ ಬಿಟ್ಟುಕೊಟ್ಟ.

ಹೆಡ್‌ಫೋನಿನಲ್ಲಿ ಮೊದಲು ಬಂದದ್ದು ಬಾಚಣಿಗೆ. "ಕೋಂಬ್," ಎಂದ ಗಂಡ ಕಿವಿಯೊಳಗೆ. ಕೊನೆಯ ಬಿ ಗಂಟೆ ಹೊಡೆದ ಹಾಗೆ ಕೇಳಿತು. ಆಮೇಲೆ ಮೌನ. ಅಲ್ಲಿ ಅವಳ ಕೈ ಮೇಲೆದ್ದಿರಬೇಕು. "ಏನಾಯ್ತೀಗ? ಓಹೋ, ಬಿ! ಹೇಳಬಾರದು ಅಂದ್ರೆ ಬರೆದಿದ್ದು ಯಾವ ಭಾಗ್ಯಕ್ಕೆ? ಆಟಕ್ಕುಂಟು, ಲೆಕ್ಕಕ್ಕಿಲ್ಲ."

ಮುಂದಿನದು ಚಾಕು. "ಕ್ನೈಫ್." ಮತ್ತೆ ಮೌನ. "ಕೈ ಇಳಿಸು ತಾಯೀ, ಗೊತ್ತಾಯ್ತು. ಬಸ್ ನಿಲ್ಲಿಸೋರ ಹಾಗೆ ನಿಂತಿದೀಯ."

ಅವಳು ಎಷ್ಟು ಸಿಕ್ಕಿತೋ ಅಷ್ಟನ್ನೂ ಫೋನಿಗೆ ತುಂಬಿಸಿಕೊಂಡಳು.

ಸಂಜೆ ಅತ್ತೆ ಮಂಚದ ಮೇಲೆ ಕಾಲು ಚಾಚಿಕೊಂಡು, ಫೋನಿನ ಕಡೆ ಕಿವಿ ವಾಲಿಸಿದರು. ಕ್ನೈಫ್ ಬರುವ ಹೊತ್ತಿಗೆ ನಗುವಿಗೆ ಅವರ ಹೊಟ್ಟೆ ಕುಲುಕುತ್ತಿತ್ತು.

"ಹ್ಞಾ, ಇವನು! ತಪ್ಪು ಮಾಡಿದ್ದೂ ಅಲ್ಲದೆ ಎದುರುವಾದ ಬೇರೆ. ಇವನೇ ಕಣೇ." ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಯಾರ ಜೊತೆ ಮಾತಾಡ್ತಿದಾನೆ?" ಎಂದರು.

"ನನ್ನ ಜೊತೆ."

"ನಿನ್ನ ದನಿನೇ ಇಲ್ಲವಲ್ಲ."

"ನಾನು ಮಾತಾಡಿದ್ರೆ ಗಾಜಿನಾಚೆ ಅವರ ಹೆಡ್‌ಫೋನಿಗೆ ಮಾತ್ರ ಹೋಗ್ತಿತ್ತು ಅತ್ತೆ. ರೆಕಾರ್ಡ್ ಆಗ್ತಿರಲಿಲ್ಲ."

"ಅಯ್ಯೋ," ಎಂದರು ಅತ್ತೆ.

ಫೋನಿನಲ್ಲಿ ಅವನು ಇನ್ನೊಂದು ಪದ ತಪ್ಪಿದ. ಈ ಸಲದ ಮೌನ ಉದ್ದವಾಗಿತ್ತು. ಅವನು ಏನನ್ನೋ ಕೇಳಿಸಿಕೊಳ್ಳುತ್ತಿರುವುದು ಉಸಿರಿನಲ್ಲೇ ತಿಳಿಯುತ್ತಿತ್ತು. ಆಮೇಲೆ ಗೊಳ್ಳೆಂದು ನಕ್ಕ. ನಕ್ಕು ಕೆಮ್ಮಿ, ಮತ್ತೆ ನಕ್ಕು, "ಥೂ, ಯಾರಾದ್ರೂ ಕೇಳಿಸಿಕೊಂಡಾರು!" ಎಂದ.

ಅತ್ತೆಯೂ ನಗುತ್ತ ಸೊಸೆಯ ಮೊಣಕಾಲು ತಟ್ಟಿದರು. "ಏನಂದೆ ಅವನಿಗೆ? ಹೇಳೇ, ನನ್ನ ಹತ್ರ ಎಂಥ ನಾಚಿಕೆ?"

ಅವಳು ರೆಕಾರ್ಡಿಂಗನ್ನು ಹಿಂದಕ್ಕೆ ಎಳೆದು ಆ ಮೌನವನ್ನು ಇನ್ನೊಮ್ಮೆ ಹಾಕಿದಳು. ಅತ್ತೆ ಅವಳ ಬಾಯನ್ನೇ ನೋಡುತ್ತ ಕಾದರು. ಏನು ಹೇಳಿದ್ದೆನೆಂದು ಅವಳಿಗೆ ನೆನಪಿರಲಿಲ್ಲ.