ದೀಪಕ್ಕೆ ಮೊದಲು

ಎರಡನೆಯ ಸಲವೂ ಹೇಜಲಳ ಕೈ ದೀಪ ಹೊತ್ತಿಕೊಳ್ಳುವ ಮೊದಲೇ ರಿವಾಲ್ವರನ್ನು ಎಳೆದಿತ್ತು.

"ಫೌಲ್!" ಎಂದ ಉಮರ್. ಕ್ಲಬ್ಬಿನ ಸ್ಟೋರ್‌ಕೀಪರ್, ಉಪ್ಪಿನಂಗಡಿಯ ಬ್ಯಾರಿ. ಇವತ್ತು ದೀಪದ ಸ್ವಿಚ್ಚು ಅವನ ಕೈಯಲ್ಲಿ. "ಎಂತ ಹೇಜಲಕ್ಕ, ನಾನು ಒತ್ತುವುದು ನಿಮಗೆ ಮೊದಲೇ ಕನಸು ಬೀಳ್ತದಾ?"

ಬೆಂಚಿನ ಮೇಲಿದ್ದವರು ನಕ್ಕರು. ಹೇಜಲಳೂ ನಕ್ಕಂತೆ ಮಾಡಿದಳು.

ಗಲ್ಫಿನ ಅಲ್ ಖೋರ್‌ನ ಕಂಪನಿ ಕ್ಲಬ್ಬಿನಲ್ಲಿ ಅಮೆರಿಕನ್ ಇಂಜಿನಿಯರುಗಳು ಶುರುಮಾಡಿದ ಶುಕ್ರವಾರದ ಆಟ ಇದು. ಸೊಂಟದ ಚರ್ಮದ ಒರೆಯಲ್ಲಿ ರಿವಾಲ್ವರ್, ಅದರಲ್ಲಿ ಮೇಣದ ಗುಂಡು. ಎದುರಿನ ತಗಡಿನ ನಡುವೆ ದೀಪ ಹೊತ್ತಿದ ಕೂಡಲೇ ಎಳೆದು ಹೊಡೆಯಬೇಕು. ಮೊದಲು ತಾಗಿಸಿದವರಿಗೆ ಆ ಸುತ್ತು. ದೀಪಕ್ಕೆ ಮೊದಲು ಕೈ ಅಲುಗಿದರೆ ಸುತ್ತು ಎದುರಾಳಿಯ ಪಾಲು. ಇವತ್ತಿನ ಎದುರಾಳಿ, ಸೇಫ್ಟಿ ವಿಭಾಗದ ಮಲಯಾಳಿ ಜೇಕಬ್‌ಗೆ ಎರಡು ಸುತ್ತು ಹಾಗೆಯೇ ಸಿಕ್ಕಿದ್ದವು. ವೇಗದಲ್ಲಿ ಅವನು ಅವಳನ್ನು ಒಮ್ಮೆಯೂ ಸೋಲಿಸಿರಲಿಲ್ಲ.

ಈಗ ಇಬ್ಬರೂ ಸಮ. ಉಳಿದದ್ದು ಒಂದೇ ಸುತ್ತು. ಗೆದ್ದವರು ಮುಂದಿನ ತಿಂಗಳು ಪಂದ್ಯಕ್ಕೆಂದು ಬಹರೈನಿಗೆ ಹೋಗುವ ತಂಡದಲ್ಲಿ. ವೀಸಾದಿಂದ ಹಿಡಿದು ಮನೆಯ ಬಾಗಿಲಿನ ಫಲಕದವರೆಗೆ ಎಲ್ಲ ಕಡೆಯೂ ಗಂಡನ ಹೆಸರಿನ ಆಸರೆಯಲ್ಲೇ ಇದ್ದವಳು ಹೇಜಲ್. ತನ್ನ ಹೆಸರಿನಲ್ಲೇ ಎಲ್ಲಿಗಾದರೂ ಹೋಗುವ ಆಸೆ ತನಗೆ ಇಷ್ಟೊಂದಿದೆ ಎಂಬುದು ಅವಳಿಗೂ ಇವತ್ತೇ ಗೊತ್ತಾದದ್ದು.

ಗಂಡ ಕಾಸ್ಮಿರ್ ನೀರಿನ ಬಾಟಲಿ ಹಿಡಿದು ಬಂದ. ಈ ಆಟ ಕಲಿಸಿದವನು ಅವನೇ.

"ಗಡಿಬಿಡಿ ಮಾಡ್ಬೇಡ ಮಾರಾಯ್ತಿ. ಭುಜ ಸಡಿಲ ಬಿಡು. ಮನೆಯಲ್ಲಿ ಒಂದು ಸಲವಾದ್ರೂ ಹೀಗೆ ಆದದ್ದುಂಟಾ?"

ಇಲ್ಲ. ಮನೆಯಲ್ಲಿ ಆಗಿರಲಿಲ್ಲ. ಯಾಕೆ ಆಗಿರಲಿಲ್ಲ?

ಸೋಫಾ ಪಕ್ಕಕ್ಕೆ ಸರಿಸಿ, ಮರದ ರಿವಾಲ್ವರ್ ಸೊಂಟಕ್ಕೆ ಸಿಕ್ಕಿಸಿ, ಸಂಜೆ ಸಂಜೆ ನಡೆಸಿದ ಅಭ್ಯಾಸ ಅವಳ ಕಣ್ಣಿಗೆ ಬಂತು. ಎದುರಿಗೆ ಟೇಬಲ್ ಲ್ಯಾಂಪ್. ಅದರ ಸ್ವಿಚ್ಚು ಹಿಡಿದು ಬೆನ್ನ ಹಿಂದೆ ಕಾಸ್ಮಿರ್. ಒತ್ತುವ ಮುಂಚೆ ಅವನು ಮೂಗಿನಿಂದ ಒಮ್ಮೆ ಉಸಿರೆಳೆಯುತ್ತಿದ್ದ. ಅದು ಅವನಿಗೇ ಗೊತ್ತಿರಲಿಲ್ಲ. ಅವಳ ಕೈಗೆ ಗೊತ್ತಿತ್ತು.

ತಾನು ದೀಪವನ್ನು ನೋಡಲು ಕಲಿತೇ ಇಲ್ಲ, ಇವನನ್ನು ಕೇಳಿಸಿಕೊಳ್ಳಲು ಕಲಿತಿದ್ದೇನೆ! ಬಾಗಿಲಲ್ಲಿ ಕೀಲಿ ತಿರುಗುವ ಸದ್ದಿನಲ್ಲೇ ಅವನ ಆಫೀಸಿನ ದಿನ ಹೇಗಿತ್ತೆಂದು ತಿಳಿಯುವವಳು. ಅವನು ಚಾ ಲೋಟ ಇಟ್ಟ ರೀತಿ ನೋಡಿ ಮಾತಾಡುವುದೋ ಬೇಡವೋ ಎಂದು ತೀರ್ಮಾನಿಸುವವಳು. ಇವತ್ತೂ ಅವನು ಬೆನ್ನ ಹಿಂದೆಯೇ ನಿಂತಿದ್ದ. ಉಮರ್ ತಡಮಾಡಿದಾಗಲೆಲ್ಲ ಆತಂಕದಿಂದ ಉಸಿರೆಳೆದಿದ್ದ. ಇವಳ ಕೈ ಹೊರಟುಬಿಟ್ಟಿತ್ತು.

"ಯಲ್ಲಾ, ಲಾಸ್ಟ್ ರೌಂಡ್!" ಎಂದು ಉಮರ್ ಅವಸರಿಸಿದ.

ಗೆರೆಯ ಮೇಲೆ ನಿಂತಳು. ಕೇಳಿಸಿಕೊಳ್ಳಬಾರದು ಎಂದುಕೊಂಡಳು. ಕಿವಿ ಇನ್ನಷ್ಟು ಹಿಂದಕ್ಕೇ ಎಳೆಯಿತು. ಮನಸ್ಸಿನಲ್ಲಿ ಪ್ರಾರ್ಥನೆ ಹೇಳಲು ಹೊರಟರೆ ಅದರ ನಡುವೆಯೂ ಅವನ ಬೂಟಿನ ಕಿರುಗುಟ್ಟು. ಅವಳು ತಿರುಗಿದಳು.

"ಇಲ್ಲಿ ನೋಡಿ, ನೀವು ಸ್ವಲ್ಪ ಹೊರಗೆ ನಿಲ್ತೀರಾ?"

"ಹೊರಗೆ? ಯಾಕೆ?"

"ನೀವು ಹಿಂದೆ ಇದ್ರೆ ನನ್ನ ಕಿವಿ ನಿಮ್ಮ ಕಡೆಗೇ ಇರ್ತದೆ."

"ನಾನು ಬಾಯಿಯೇ ಬಿಡ್ಲಿಲ್ಲವಲ್ಲ!"

"ಬಿಡುವುದು ಬೇಡ. ನಿಮ್ಮ ಉಸಿರೇ ಸಾಕು."

"ಕಾಸ್ಮಿರಣ್ಣ, ಖಲಾಸ್! ಉಸಿರಾಡ್ಲಿಕ್ಕೂ ಪರ್ಮಿಶನ್ ಬೇಕು ಇನ್ನು," ಎಂದ ಉಮರ್. ಬೆಂಚಿನವರು ಮತ್ತೆ ನಕ್ಕರು.

ಕಾಸ್ಮಿರನ ಮುಖ ಕೆಂಪಾಯಿತು. ಈ ಮುಖ ಕಂಡಾಗಲೆಲ್ಲ ಅವಳ ಬಾಯಿಗೆ ತಾನಾಗಿ ಬರುವ ಮಾತೊಂದಿತ್ತು: ಬೇಡ ಬಿಡಿ, ಇಲ್ಲೇ ಇರಿ. ಈಗಲೂ ಬಂತು. ಅವಳು ಅದನ್ನು ನುಂಗಿ ತಗಡಿನ ಕಡೆಗೆ ತಿರುಗಿದಳು. ಬಾಟಲಿಯನ್ನು ಬೆಂಚಿನ ಮೇಲೆ ಕುಕ್ಕಿದ ಸದ್ದು. ಬಾಗಿಲು ಬಡಿದುಕೊಂಡ ಸದ್ದು.

"ಚೇಚಿ, ಓಕೆ?" ಎಂದ ಜೇಕಬ್. ಅವಳು ತಲೆಯಾಡಿಸಿದಳು.

"ಸೆಟ್," ಎಂದ ಉಮರ್.

ಬೆನ್ನ ಹಿಂದೆ ಯಾರೂ ಇಲ್ಲ. ಹಗುರಾಗಬಹುದು ಎಂದುಕೊಂಡಿದ್ದಳು, ಹೆದರಿಕೆಯಾಯಿತು. ಮುಂದೆ ಏನಾಗುತ್ತದೆ, ಯಾವಾಗ ಆಗುತ್ತದೆ, ತಿಳಿಸುವ ಒಂದು ಸುಳಿವೂ ಇಲ್ಲ. ಏಸಿ ಗುಂಯ್‌ಗುಡುತ್ತಿತ್ತು. ಬೆಂಚಿನಲ್ಲಿ ಯಾರೋ ಕೆಮ್ಮಿದರು. ಬೆರಳು ಸೆಳೆದಂತಾಯಿತು, ಆದರೆ ಹೊರಡಲಿಲ್ಲ. ಬರಲಿ, ಬಂದಾಗ ಬರಲಿ. ಗೊತ್ತಿಲ್ಲದೆ ಕಾಯುವುದು ಇಷ್ಟು ಕಷ್ಟವೇ? ತಗಡಿನ ನಡುವಿನ ಆ ಕಪ್ಪು ಗಾಜನ್ನು ಬಿಟ್ಟರೆ ಅವಳಿಗೆ ಬೇರೇನೂ ಉಳಿದಿರಲಿಲ್ಲ.

ಗಾಜು ಬೆಳಗಿತು.

ಎರಡು ಗುಂಡು, ಒಂದೇ ಸದ್ದಿನಂತೆ. ಉಮರ್ ಟೈಮರಿನ ಮೇಲೆ ಬಗ್ಗಿದ. ಎಷ್ಟು ಹೊತ್ತು ಬಗ್ಗಿರುತ್ತಾನೆ ಈ ಮನುಷ್ಯ!

"ಹೇಜಲಕ್ಕ, ಬಹರೈನ್!"

ಜೇಕಬ್ ಕೈಕುಲುಕಿದ. "ಕಾಸ್ಮಿರಣ್ಣನ ಹತ್ರ ನಾನು ಹೇಳಿ ಬರ್ತೇನೆ, ಸಿಟ್ಟಲ್ಲಿ ಉಂಟು ಜನ," ಎಂದು ಉಮರ್ ಎದ್ದ.

"ಬೇಡ. ನಾನೇ ಹೇಳ್ತೇನೆ."

ರಿವಾಲ್ವರನ್ನು ಮೇಜಿನ ಮೇಲಿಟ್ಟು ಹೊರಬಂದಳು. ಬಿಸಿಲು ಕಣ್ಣಿಗೆ ಹೊಡೆಯಿತು. ಕಾಸ್ಮಿರ್ ಕಾರಿಗೆ ಒರಗಿ, ಈ ಕಡೆಗೆ ಬೆನ್ನು ಹಾಕಿ ನಿಂತಿದ್ದ. ಸ್ವಲ್ಪ ಹೊತ್ತು ನಿಂತು ನೋಡಿದ್ದರೆ ಅದು ಸಿಟ್ಟೋ ಬೇಸರವೋ ಎಂದು ಆ ಬೆನ್ನಿನಿಂದಲೇ ಅವಳಿಗೆ ತಿಳಿಯುತ್ತಿತ್ತು. ನಿಲ್ಲಲಿಲ್ಲ.

"ನಾನು ಬಹರೈನಿಗೆ ಹೋಗ್ತಾ ಇದ್ದೇನೆ," ಎಂದಳು, ಅವನು ತಿರುಗುವ ಮುಂಚೆ.