ಸೀಮೆಸುಣ್ಣ ಹೀರಿದ ಕಪ್ಪು

ಬಂದೂಕಿನ ಮರದ ಹಿಡಿಗಳ ಕಪ್ಪು ತೆಗೆದು ಬದುಕುತ್ತಿದ್ದ ಈವಾರಿ ಕುಸ್ನಿಯೆಮಿಗೆ ಬಂದೂಕೆಂದರೆ ಪ್ರಾಣಭಯ. ನಳಿಗೆಯನ್ನು ಬಿಚ್ಚಿ ಹೊಸ್ತಿಲಾಚೆ ಇಟ್ಟು, ಬರೀ ಮರವನ್ನು ಒಳಗೆ ತಂದರಷ್ಟೇ ಕೆಲಸ ಹಿಡಿಯುತ್ತಿದ್ದ. ನಾಯಿಗೆ, ಕೆರೆಯ ಮೇಲಿನ ತೆಳು ಮಂಜುಗಡ್ಡೆಗೆ, ಪಾದ್ರಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಅಣ್ಣ ಓಸ್ಕರಿಗೆ ಹೆದರುತ್ತಿದ್ದ. ಅಣ್ಣನ ಅಂಗಳದ ಹಳೆಯ ಹಬೆಸ್ನಾನದ ಕೋಣೆಯೇ ಅವನಿಗೆ ಮನೆ, ಕಾರ್ಖಾನೆ ಎರಡೂ. ಬೇಸಿಗೆಯಲ್ಲೂ ಕಳಚದ ಬೂದು ಕೋಟು, ಗೋಡೆಗೆ ಭುಜ ತಾಗಿಸಿಕೊಂಡೇ ಸಾಗುವ ಓರೆ ನಡಿಗೆ, ಪ್ರತಿ ಮಾತಿನ ಬಾಲಕ್ಕೊಂದು "ಆಗುತ್ತೋ ಇಲ್ವೋ". ಕಾಗದದ ಗಿರಣಿಯ ಮುಷ್ಕರದಲ್ಲಿ ಪೊಲೀಸರ ಕುದುರೆಗಳಿಗೆ ಎದೆಕೊಟ್ಟು ನಿಂತಿದ್ದ ನಾವು ಅವನನ್ನು ಮೊಲ ಎಂದೇ ಕರೆಯುತ್ತಿದ್ದೆವು.

ಆದರೆ ಆ ಮೊಲದ ಕೈಗೆ ಮರ ಮಣಿಯುತ್ತಿತ್ತು. ತಲೆಮಾರುಗಳ ಎಣ್ಣೆ, ಬೆವರು, ಹೊಗೆ ಕುಡಿದು ಇದ್ದಿಲಾದ ಹಿಡಿಗೆ ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕಲಸಿ ಮೆತ್ತಿ ಒಲೆಯ ಬಳಿ ಇಡುವನು. ಸುಣ್ಣ ತಾನು ಕಂದಾಗುತ್ತ ಮರದ ಕಪ್ಪನ್ನು ಹೀರುವುದು. ಉದುರಿಸಿ ಮತ್ತೆ ಮೆತ್ತುವನು. ಉಜ್ಜುಕಾಗದ ಮುಟ್ಟಿದವನಲ್ಲ.

"ಉಜ್ಜಿದ್ರೆ ಮರಾನೂ ಹೋಗುತ್ತೆ, ಹಿಡಿದೋರ ಕೈಗುರುತೂ ಹೋಗುತ್ತೆ," ಎನ್ನುತ್ತಿದ್ದ.

ಒಂದು ವಸಂತದಲ್ಲಿ ನಮ್ಮ ಗಿರಣಿಯ ತ್ಯೂನೆ ಹಾರ್ಯು ಮಸಿ ಹಿಡಿದ ಚಾಕುವೊಂದನ್ನು ತಂದಳು. ಸಾವಿರದ ಒಂಬೈನೂರ ಹದಿನೆಂಟರ ಅಂತರ್ಯುದ್ಧ ಮುಗಿದಾಗ, ಗೆದ್ದ ಬಿಳಿ ಪಡೆಯವರು ಅವಳಪ್ಪನನ್ನು ಕಾರ್ಮಿಕರ ಕೆಂಪು ಪಡೆಯವನೆಂದು ಎಳೆದೊಯ್ದು ಗುಂಡಿಕ್ಕಿದ್ದರು. ಎಳೆದೊಯ್ದವರು ಅಂಗಳದಲ್ಲಿ ಬೀಳಿಸಿಹೋದ ಚಾಕು ಅದು. ಗುರುತು ನೋಡುವ ಧೈರ್ಯವಾಗದೆ ತಾಯಿ ನಲವತ್ತು ವರ್ಷ ಹೊಗೆಗೂಡಿನಲ್ಲಿ ಅಡಗಿಸಿಟ್ಟಿದ್ದಳು. ನಮ್ಮ ಫಿನ್ಲೆಂಡಿನ ಹಳ್ಳಿಗಳಲ್ಲಿ ಮನೆಗೊಂದು ಗುರುತುಂಟು. ದೋಣಿ, ಕೊಡಲಿ, ಚಾಕುಗಳ ಮೇಲೆ ಅದನ್ನೇ ಕೆತ್ತುತ್ತೇವೆ.

"ಯಾರ ಮನೇದು ಅಂತ ಗೊತ್ತಾಗ್ಬೇಕು ನಂಗೆ. ಅಷ್ಟೇ," ಎಂದಳು ತ್ಯೂನೆ.

ಮೂರನೆಯ ಲೇಪ ಉದುರಿದ ದಿನ ನಾನಲ್ಲಿದ್ದೆ. ಚಾಕುವಿನ ಹೊಂಬಣ್ಣದ ಬರ್ಚ್ ಹಿಡಿಯಲ್ಲಿ ಗುರುತು ಎದ್ದುಬಂತು: ಕವಲುಕೋಲು, ಮೇಲೊಂದು ಅಡ್ಡಗೆರೆ. ಬಾಗಿಲ ಪಕ್ಕ ಒರಗಿದ್ದ ಈವಾರಿಯ ಕೊಡಲಿಯ ಕಾವಿನಲ್ಲೂ ಅದೇ.

"ಅಣ್ಣಂದು. ನಮ್ಮನೇಲಿ ಬಿಳಿ ಪಡೆಗೆ ಹೋದೋನು ಅವ್ನೊಬ್ನೇ," ಎಂದ. ಕಿಟಕಿಯಾಚೆ ಓಸ್ಕರಿ ಸೌದೆ ಒಟ್ಟುತ್ತಿದ್ದ.

"ಲೋ, ಉಜ್ಜಿಬಿಡೋ. ಗುರುತೇ ಇರ್ಲಿಲ್ಲ ಅಂದ್ರಾಯ್ತು," ಎಂದವನು ನಾನು, ಕುದುರೆಗಳ ಮುಂದೆ ನಿಂತಿದ್ದವನು. "ಇಲ್ದಿದ್ರೆ ಬೀದಿಗೆ ಬೀಳ್ತೀಯ. ಅವ್ನು ಕೊಂದೇ ಹಾಕ್ತಾನೆ."

"ಕೊಲ್ತಾನೆ," ಎಂದ ಈವಾರಿ. ಹಲ್ಲು ಕಟಕಟಿಸುತ್ತಿದ್ದವು. ಎಣ್ಣೆಬಟ್ಟೆ ತೆಗೆದವನು ಗುರುತಿನ ಗೆರೆಗಳನ್ನೇ ಮೊದಲು ಒರೆಸಿದ, ಇನ್ನಷ್ಟು ಎದ್ದುಕಾಣುವಂತೆ.

ಶನಿವಾರ ತ್ಯೂನೆ ಬಂದಳು. ಈವಾರಿ ಕೊಡಲಿಯನ್ನೆತ್ತಿ ಚಾಕುವಿನ ಪಕ್ಕ ಮಲಗಿಸಿ, ಅವಳಿಗೆ ಕಾಫಿ ಬಗ್ಗಿಸತೊಡಗಿದ. ಅವಳು ಎರಡರ ಗುರುತಿನ ಮೇಲೂ ಬೆರಳಾಡಿಸಿದಳು.

"ನಡುಗಬೇಡ್ವೋ ಮೊಲ, ಕಾಫಿ ಚೆಲ್ತೀಯ."

ಬಟ್ಟಲು ಖಾಲಿಮಾಡಿ, ಚಾಕುವನ್ನು ತಲೆವಸ್ತ್ರದಲ್ಲಿ ಸುತ್ತಿ, ಅಂಗಳ ದಾಟಿ ನೇರ ಓಸ್ಕರಿಯ ಬಾಗಿಲು ಬಡಿದಳು. ಆ ಬಡಿತಕ್ಕೆ ಈವಾರಿ ಒಲೆಯ ಹಿಂದೆ ಕುಕ್ಕರಿಸಿ ಕಿವಿ ಮುಚ್ಚಿಕೊಂಡ. ಭಾನುವಾರದ ಹೊತ್ತಿಗೆ ಅವನೂ ಅವನ ಸುಣ್ಣದ ಚೀಲವೂ ರಸ್ತೆಯಲ್ಲಿದ್ದವು. ಆಮೇಲೆ ನನ್ನ ಅಡುಗೆಕೋಣೆಯಲ್ಲೇ ಕೆಲಸ ಮಾಡಿದ. ಅಲ್ಲಿದ್ದಷ್ಟು ದಿನವೂ ಬಾಗಿಲ ಅಗುಳಿಯನ್ನು ಮೂರು ಮೂರು ಸಲ ನೋಡುತ್ತಿದ್ದ.

ಚಳವಳಿಯಲ್ಲಿ ಧೈರ್ಯವಂತರನ್ನು ಬೇಕಾದಷ್ಟು ಕಂಡಿದ್ದೇನೆ. ಗುಂಪು ಇರುವಷ್ಟು ಹೊತ್ತು ಎದೆಯೂ ಇರುತ್ತದೆ. ನನ್ನದೂ ಅಂಥದ್ದೇ ಎದೆ. ಈವಾರಿಯಂಥವರಿಗೆ ಗುಂಪಿಲ್ಲ, ಎದೆಯೂ ಇಲ್ಲ, ಸಾಯುವ ತನಕ ಭಯ ಬಿಡುವುದಿಲ್ಲ. ಅವರ ಕೈ ನಡುಗುತ್ತದೆ, ಆದರೆ ಅಳಿಸುವುದಿಲ್ಲ.