ಹಳ್ಳದ ಆಚೆಗಿನ ರೇಂಜ್

ಕೌಜಲಗಿಯ ಬಜಾರಿನಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಆದಿನಾಥನಿಗೆ ಮೊಬೈಲ್ ಕಂಪನಿಗಳ ಮೇಲೆ ಸಿಟ್ಟಿಲ್ಲದ ದಿನವೇ ಇರಲಿಲ್ಲ. ಬೆಳಿಗ್ಗೆ ಪೇಪರು ಬಂದರೆ ಮೊದಲು ಬಿಚ್ಚುವುದು ಫೋನಿನ ಸುದ್ದಿ ಬರುವ ಒಳಪುಟ. ಯಾವ ಕಂಪನಿ ಯಾವುದನ್ನು ನುಂಗಿತು, ಒಳಬರುವ ಕರೆಗೆ ಇಷ್ಟು ದಿನ ದುಡ್ಡು ಕಿತ್ತವರು ಈಗ ಯಾಕೆ ಧರ್ಮರಾಯರಾದರು, ಫೋನಿನಲ್ಲಿ ಕ್ಯಾಮೆರಾ ಇಟ್ಟವನ ತಲೆಯಲ್ಲಿ ಏನಿದೆ. ಸೀರೆ ಕೊಳ್ಳಲು ಬಂದವರು ಇದನ್ನೆಲ್ಲ ಕೇಳಿಸಿಕೊಂಡೇ ಸೀರೆ ಒಯ್ಯಬೇಕಿತ್ತು.

"ಸಾವಕಾರ್ರ, ಮೊದಲ ಜಂಪರ್ ಪೀಸ್ ತೋರಸ್ರಿ. ಕಂಪನಿ ಆಮ್ಯಾಲ ಮುಳಗ್ಲಿ," ಎಂದು ಖಾಯಂ ಗಿರಾಕಿ ಕೆಂಪವ್ವ ಗದರಿದ್ದೂ ಉಂಟು.

ಇಷ್ಟೆಲ್ಲ ತಿಳಿದವನು ಒಂದು ದಿನ ಗೋಕಾಕಕ್ಕೆ ಹೋಗಿ ತಾನೇ ಒಂದು ಮೊಬೈಲ್ ತಂದ. ತಂದು ಸುಮ್ಮನಿದ್ದನೇ? ತಂತಿಯ ಕಾಲ ಮುಗಿಯಿತೆಂದು ಸಾರಿ, ಮನೆಯ ಹಳೆಯ ಫೋನನ್ನು ವಾಪಸು ಕೊಟ್ಟು ಬಂದ. ಆಮೇಲೆ ಮನೆಯಲ್ಲಿ ನಿಂತು ನೋಡಿದರೆ ರೇಂಜ್ ಇಲ್ಲ. ಅಂಗಡಿಯಲ್ಲಿಲ್ಲ, ಬಸದಿಯ ಕಟ್ಟೆಯ ಮೇಲಿಲ್ಲ. ಹಳ್ಳ ದಾಟಿ ಬೀರಸಿದ್ದಪ್ಪನ ಪಂಪ್‌ಸೆಟ್ ಮನೆಯ ಹತ್ತಿರ ಹೋದರೆ ಮಾತ್ರ ಎರಡು ಕಡ್ಡಿ ಮೂಡುತ್ತಿದ್ದವು. ಮನೆಯಿಂದ ಮಾತಾಡಲೆಂದು ತಂದ ಫೋನನ್ನು ಹಿಡಿದುಕೊಂಡು ಅವನು ದಿನಾ ಕಬ್ಬಿನ ಬದುವಿನ ಮೇಲೆ ನಿಲ್ಲತೊಡಗಿದ. ಊರು ನಗತೊಡಗಿತು.

ದೂರು ಕೊಡಲೂ ಅಲ್ಲಿಗೇ ಹೋಗಬೇಕು. ಕಂಪನಿಯ ಹೆಣ್ಣುಮಗಳು ಬೆಂಗಳೂರಿನ ನಯವಾದ ಕನ್ನಡದಲ್ಲಿ, "ಸರ್, ನೀವು ಈಗ ನನ್ನ ಜೊತೆ ಮಾತಾಡ್ತಾ ಇದ್ದೀರಲ್ಲ, ಅಂದ್ರೆ ನೆಟ್‌ವರ್ಕ್ ಇದೆ ಅಲ್ವಾ ಸರ್?" ಎಂದಳು. ಆದಿನಾಥನ ಮೈ ಉರಿದುಹೋಯಿತು. "ನಾ ಗದ್ಯಾಗ ನಿಂತೇನ್ರಿ ಬಾಯಾರ! ನನ್ನ ಮನಿ ಹಳ್ಳದ ಆ ಕಡೆ ಐತ್ರಿ!" ಎಂದು ಒದರಿದ. ಇನ್ನೇನಾದರೂ ಸಹಾಯ ಬೇಕೇ ಎಂದು ಕೇಳಿ ಆಕೆ ಫೋನಿಟ್ಟಳು.

ಆ ವರ್ಷ ಅವನ ತಂಗಿ ತ್ರಿಶಲಾ ಬಸುರಿ. ಹಿಂದಿನ ಸಲ ತವರಿಗೆ ಬಂದು ಹೆತ್ತ ಕೂಸು ದಕ್ಕಿರಲಿಲ್ಲ. ಹಾಗಾಗಿ ಈ ಸಲ ಹುಕ್ಕೇರಿಯ ಗಂಡನ ಮನೆ ಬಿಟ್ಟು ಕದಲಬೇಡವೆಂದು ಡಾಕ್ಟರು ಹೇಳಿದ್ದರು. ಹೆರಿಗೆ ದೀಪಾವಳಿಯ ಮೇಲೆ ಎಂದು ಲೆಕ್ಕ. ತಾಯಿ ಜಿನ್ನವ್ವನಿಗೆ ಚಾತುರ್ಮಾಸದಲ್ಲಿ ಊರ ಹಳ್ಳ ದಾಟದ ವ್ರತ. ಪ್ರತಿವರ್ಷ ಬಸದಿಯಲ್ಲಿ ಹಿಡಿಯುತ್ತಿದ್ದಳು. ದೀಪಾವಳಿಗೆ ಅದು ಮುಗಿಯುತ್ತದೆ, ಮುಗಿದ ಕೂಡಲೆ ಮಗಳ ಹತ್ತಿರ ಹೋಗುವುದು ಎಂದುಕೊಂಡಿದ್ದಳು.

ಕೂಸು ದೀಪಾವಳಿಯವರೆಗೆ ಕಾಯಲಿಲ್ಲ. ಒಂದು ಬೆಳಿಗ್ಗೆ ಆದಿನಾಥ ಪಂಪ್‌ಸೆಟ್ ಹತ್ತಿರ ನಿಂತಿದ್ದಾಗ ತಂಗಿಯ ಗಂಡ ಸಮ್ಮೇದನ ಫೋನ್ ಬಂತು. ಆಪರೇಷನ್ ಆಗಿದೆ, ಹೆಣ್ಣು, ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಫೋನು ತ್ರಿಶಲಾಳ ಕೈಗೆ ಹೋಯಿತು.

"ಅಣ್ಣಾ, ಅವ್ವ ಬರೂದಿಲ್ಲಲ್ಲ?"

"ವ್ರತ ಐತೆವಾ..."

"ಗೊತ್ತೈತಿ ಬಿಡು. ನನಗಿಂತ ಆ ಹಳ್ಳ ದೊಡ್ಡದಾತ ಆಕಿಗೆ. ಒಂದ ಮಾತ ಆಡಸ್ತೀಯೇನ? ಅಂಜಬ್ಯಾಡ ಅಂತ ಅಂದ್ರ ಸಾಕ. ಬ್ಯಾರೆ ಏನೂ ಬ್ಯಾಡ ನನಗ."

"ಹೊತ್ತ ಮುಣಗೂದ್ರಾಗ ಆಡಸ್ತೇನಿ. ನನ್ನ ಮ್ಯಾಲ ಬಿಡು," ಎಂದ ಆದಿನಾಥ. ಹೇಗೆ ಎಂಬುದು ಅವನಿಗೂ ಗೊತ್ತಿರಲಿಲ್ಲ.

ತಾಯಿಗೆ ಸುದ್ದಿ ಮುಟ್ಟಿಸಿ, ತಂಗಿಯ ಆರೈಕೆಗೆಂದು ಹೆಂಡತಿಯನ್ನು ಹುಕ್ಕೇರಿಯ ಬಸ್ಸು ಹತ್ತಿಸಿ ಬಂದವನು ಅಂಗಡಿ ತೆರೆಯಲಿಲ್ಲ. ಫೋನನ್ನು ಎತ್ತಿ ಹಿಡಿದು ಮನೆಯ ಮೂಲೆಮೂಲೆ ಸುತ್ತಿದ. ದನದ ಕೊಟ್ಟಿಗೆಯಲ್ಲಿ ನೋಡಿದ, ಹಿತ್ತಲಲ್ಲಿ ನೋಡಿದ. ಸಾಕಾಗಿ ಮಾಳಿಗೆ ಹತ್ತಿದರೆ, ಅಲ್ಲಿ ಐದಕ್ಕೆ ಐದೂ ಕಡ್ಡಿ! ಮೂಡಲಗಿಯ ಕಡೆ ಹೊಸ ಟವರ್ ಎಂದು ಪೇಪರಿನಲ್ಲಿ ಬಂದಾಗ, ಇದೂ ಸುಳ್ಳೇ ಎಂದು ಇಡೀ ಬಜಾರಿಗೆ ಸಾರಿದವನು ಅವನೇ. ಈಗ ಆ ಕಂಪನಿಯವರ ಕಾಲು ಮುಟ್ಟಿ ನಮಸ್ಕಾರ ಮಾಡಬೇಕೆನಿಸಿತು. ಸಂಜೆ ತ್ರಿಶಲಾಳಿಂದ ಫೋನ್ ಮಾಡಿಸೆಂದು ಸಮ್ಮೇದನಿಗೆ ಅಲ್ಲಿಂದಲೇ ಹೇಳಿದ.

ಸಂಜೆ ಊಟಕ್ಕೆ ಮುಂಚೆ ತಾಯಿಯನ್ನು ಕೈಹಿಡಿದು ನಿಚ್ಚಣಿಕೆ ಹತ್ತಿಸಿದ. ಮಗಳ ದನಿ ಕೇಳಬಹುದೆಂದು ಜಿನ್ನವ್ವ ಮಂಡಿನೋವನ್ನೂ ಮರೆತು ಹತ್ತಿದಳು. ಮೇಲೆ ನಿಂತು, "ಆಕಿ ಮಾತಾಡ್ಲಿ, ನಾ ಕೇಳತೇನಿ. ನಾ ಮಾತಾಡೂದಿಲ್ಲ," ಎಂದಳು.

"ಯಾಕ?"

"ವ್ರತ ಐತೆಲ್ಲಪಾ."

"ಅವ್ವಾ, ನಿನ್ನ ಕಾಲ ಇಲ್ಲೇ ಮಾಳಿಗಿ ಮ್ಯಾಲ ಇರತಾವ. ಹಳ್ಳ ದಾಟೂದು ದನಿ ಅಷ್ಟ."

"ದನೀನೂ ದಾಟಬಾರದು. ಗೆರಿ ಆಚೆ ಇದ್ದಾವರನ್ನ ಕೂಗಬಾರದು, ಕೈ ಮಾಡಬಾರದು, ಹರಳ ಒಗದ ಸನ್ನಿ ಮಾಡಬಾರದು. ಯಾರ ಕಡೀಂದನೂ ಹೇಳಿ ಕಳಸಬಾರದು. ಹಿಡಿಯೂಮುಂದನ ಎಲ್ಲಾ ಹೇಳಿರತಾರ."

"ಆ ನೇಮ ಮಾಡಿದಾವರ ಕಾಲಕ್ಕ ಫೋನ್ ಎಲ್ಲಿತ್ತ?"

"ಫೋನ್ ಇರಲಿಲ್ಲ. ಮಂದಿ ಇದ್ದರಲ್ಲ. ಕಾಲ ಕಟ್ಟಿದ್ರ ಬಾಯಿ ದಾಟತೈತಿ ಅಂತ ಅವರಿಗೆ ಗೊತ್ತಿತ್ತ. ತಂತಿ ಫೋನ್ ಇದ್ದಾಗರ ನಾ ಚಾತುರ್ಮಾಸದಾಗ ಎಂದರ ಹಿಡದದ್ದ ನೋಡೀಯೇನ?"

ನೋಡಿರಲಿಲ್ಲ. ಅವ್ವ ಪೂಜೆಯಲ್ಲಿದ್ದಾಳೆ, ಅಡಿಗೆಯಲ್ಲಿದ್ದಾಳೆ ಎಂದೇ ಅವನು ತಿಳಿದಿದ್ದ. ದೇಶದ ಫೋನುಗಳ ಬಗ್ಗೆಯೆಲ್ಲ ಮಾತಾಡುವವನಿಗೆ ತನ್ನ ಮನೆಯ ಫೋನು ವರ್ಷದಲ್ಲಿ ನಾಲ್ಕು ತಿಂಗಳು ತಾಯಿಯ ಪಾಲಿಗೆ ಮೂಕವಾಗಿತ್ತೆಂಬುದು ಗೊತ್ತೇ ಇರಲಿಲ್ಲ. ನಾಚಿಕೆ ಸಿಟ್ಟಾಗಿ ಹೊರಬಂತು.

"ಮಗಳಿಗಿಂತ ಹೆಚ್ಚಾತೇನ ನಿನಗ ಅದು?"

"ಈ ಸಲ ಆಕಿ ಸಲುವಾಗೇ ಹಿಡದೇನೋ!" ಜಿನ್ನವ್ವನ ದನಿ ಒಡೆಯಿತು. "ಹಿಂದಿನ ಕೂಸ ನನ್ನ ತೊಡಿ ಮ್ಯಾಲ ಹೋತ. ಈ ಕೂಸ ಪೆಟಗ್ಯಾಗ ಇರೂಮುಂದ ನಾ ವ್ರತ ಮುರದ, ನಾಳೆ ಏನರ ಆದ್ರ, ನಾ ಯಾರ ಮಾರಿ ನೋಡ್ಲಿ?"

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಒತ್ತಿ ತಾಯಿಯ ಕಿವಿಗಿಟ್ಟ. ತ್ರಿಶಲಾಳ ದನಿ ಪಕ್ಕದಲ್ಲಿ ನಿಂತವನಿಗೂ ಸ್ವಚ್ಛವಾಗಿ ಕೇಳಿಸುತ್ತಿತ್ತು.

"ಅವ್ವಾ? ಅವ್ವಾ, ಕೂಸ ಭಾಳ ಸಣ್ಣದೈತಿ. ನನಗ ಅಂಜಿಕಿ ಬರಾಕತ್ತೈತಿ."

ಜಿನ್ನವ್ವ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಣ್ಣಿಂದ ನೀರು ಸುರಿಯುತ್ತಿತ್ತು.

"ಒಂದ ಸಲ ಅನ್ನು ಅವ್ವಾ. ಸಿಟ್ಟಾಗೀಯೇನ ನನ್ನ ಮ್ಯಾಲ? ಅವ್ವಾ?"

ಆದಿನಾಥನಿಗೆ ತಡೆಯಲಾಗಲಿಲ್ಲ. ಫೋನು ಕಸಿದುಕೊಂಡು, ಪಂಪ್‌ಸೆಟ್ ಹತ್ತಿರ ಒದರುತ್ತಿದ್ದಂತೆಯೇ ಒದರಿದ.

"ತ್ರಿಶಲಾ! ಅವ್ವನ ಮಾತ ನಿನಗ ಕೇಳಸವಲ್ದೇನ?"

"ಇಲ್ಲೋ ಅಣ್ಣಾ! ಮಾತಾಡಾಕತ್ತಾಳೇನ?"

"ಆಗಿಂದ ಮಾತಾಡಾಕತ್ತಾಳ! ಅಂಜಬ್ಯಾಡ, ಅಂಜಬ್ಯಾಡ ಅನ್ನಾಕತ್ತಾಳ! ರೇಂಜ್ ಇಲ್ಲವಾ ಇಲ್ಲಿ! ನಾ ಒದರತೇನಿ ಅಂತ ನನ್ನ ದನಿ ಅಷ್ಟ ಮುಟ್ಟಾಕತ್ತೈತಿ, ಆಕಿ ದನಿ ಸಣ್ಣದು!"

"ಖರೇನ ಅಂದಳೇನ?"

"ನನ್ನ ಬಾಜೂಕ ನಿಂತಾಳ!"

ತ್ರಿಶಲಾ ಅಳುತ್ತಲೇ ನಕ್ಕಳು. "ಸುಡಗಾಡ ಕಂಪನಿ. ನೀ ಬೈಯೂದು ಖರೆ ಐತಿ ನೋಡಣ್ಣಾ. ಅವ್ವಗ ಹೇಳು, ನಾ ಅಂಜೂದಿಲ್ಲಂತ."

ಫೋನು ಕಟ್ಟಾಯಿತು. ಜಿನ್ನವ್ವ ಮಗನ ಮುಖ ನೋಡಲಿಲ್ಲ. ಅವನ ಅಂಗಿಯ ತೋಳನ್ನು ಒಂದು ಕ್ಷಣ ಬಿಗಿಯಾಗಿ ಹಿಡಿದು ಬಿಟ್ಟು, ನಿಚ್ಚಣಿಕೆಯ ಕಡೆ ನಡೆದಳು. ಆದಿನಾಥನ ಸಿಟ್ಟು ಹಾಗೇ ಎದೆಯಲ್ಲಿ ಉಳಿದಿತ್ತು. ಅದನ್ನು ಯಾರ ಮೇಲೆ ಹಾಕಬೇಕೋ ಅವನಿಗೆ ತಿಳಿಯಲಿಲ್ಲ.

ಒದರಾಟ ಕೇಳಿ ಎದುರು ಮನೆಯ ಅಲ್ಲಪ್ಪ ಅಂಗಳಕ್ಕೆ ಬಂದು ಮೇಲೆ ನೋಡಿದ. "ಏನ್ರಿ ಸಾವಕಾರ್ರ, ಹೊಸಾ ಟವರ್ ಆದ್ರೂ ರೇಂಜ್ ಬಂದಿಲ್ಲೇನ್ರಿ?"

"ಎಲ್ಲೀದೋ ಅಲ್ಲಪ್ಪಾ," ಎಂದ ಆದಿನಾಥ, ಐದೂ ಕಡ್ಡಿ ಮೂಡಿದ್ದ ಫೋನನ್ನು ಕಿಸೆಗೆ ತುರುಕುತ್ತ. "ಬರೇ ಸುಳ್ಳ ಹೇಳತಾವ ಕಂಪನಿ ಮಕ್ಕಳು."